ನೇರಗೊಳಿಸಿದ ಕೂದಲು ತುಂಡಾಗುವುದೇಕೆ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಕೂದಲು ನೇರಗೊಳಿಸುವ ರೀಬಾಂಡಿಂಗ್ ಮಾಡಿಸಿಕೊಂಡಿದ್ದೆ. ಈಗ ಬುಡದಲ್ಲಿ ಗುಂಗುರು ಕೂದಲು ಬರುತ್ತಿದೆ. ಬಾಚಿದಾಗಲೆಲ್ಲ ಕೂದಲು ಕಿತ್ತು ಬರುತ್ತದೆ. ಮತ್ತೊಮ್ಮೆ ಮಾಡಿಸಬಹುದೇ?

ಉತ್ತರ: ಮೊದಲು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಬಿಳಿಯ ಸಣ್ಣ ಗಂಟಿದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದ ಗಿಡ್ಡ ತುಂಡುಗಳಾದರೆ ನಡುವೆ ಮುರಿದದ್ದು. ನಿಮ್ಮದು ಎರಡನೆಯದೇ ಇರಬೇಕು. ರೀಬಾಂಡಿಂಗ್‌ನಲ್ಲಿ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಬೆಸೆದಿರುವ ಗಂಧಕದ ಬಂಧಗಳನ್ನು ಅಮೋನಿಯಂ ಥಯೋಗ್ಲೈಕೊಲೇಟ್‌ನಂತಹ ರಾಸಾಯನಿಕ ಬಿಡಿಸುತ್ತದೆ. ಬಿಸಿ ಇಸ್ತ್ರಿಯಿಂದ ಕೂದಲನ್ನು ನೇರವಾಗಿಸಿದ ನಂತರ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಂಧಗಳನ್ನು ಮತ್ತೆ ಬೆಸೆಯುತ್ತಾರಾದರೂ ಎಲ್ಲವೂ ಮರಳಿ ಕೂಡಿಕೊಳ್ಳುವುದಿಲ್ಲ. ಹೊರಪದರದ ಹುರುಪೆಗಳೂ ಎದ್ದು, ಕೂದಲು ಒರಟಾಗುತ್ತದೆ.

ತಿಂಗಳಿಗೆ ಸುಮಾರು 1 ಸೆಂ.ಮೀ.ನಂತೆ ಬೆಳೆದ ನಿಮ್ಮ ಹೊಸ ಕೂದಲಿಗೆ ಏನೂ ಆಗಿಲ್ಲ. ಹೊಸದೂ ಹಳೆಯದೂ ಸೇರುವ ಜಾಗದಲ್ಲೇ ಕೂದಲು ಹೆಚ್ಚಾಗಿ ಮುರಿಯುತ್ತದೆ. ಕೂದಲು ಮುರಿಯುತ್ತಿರುವಾಗ ಮತ್ತೊಮ್ಮೆ ಮಾಡಿಸುವುದು ಬೇಡವೆಂದೇ ನನ್ನ ಸಲಹೆ. ಮುಂದೆ ಮಾಡಿಸಿದರೂ ಹೊಸ ಕೂದಲಿಗೆ ಮಾತ್ರ ಹಚ್ಚಬೇಕು. ಕೂದಲು ನೇರಗೊಳಿಸುವ ಇನ್ನೊಂದು ಬಗೆಯ, ಸೋಡಿಯಂ ಹೈಡ್ರಾಕ್ಸೈಡ್ ಇರುವ ರಿಲ್ಯಾಕ್ಸರ್ ಅನ್ನು ಇದೇ ಕೂದಲಿನ ಮೇಲೆ ಬಳಸಲೇಬಾರದು. ಎಣ್ಣೆ, ಕಂಡೀಷನರ್‌ಗಳು ಘರ್ಷಣೆಯನ್ನು ತಗ್ಗಿಸುತ್ತವೆ, ಅಷ್ಟೇ. ಜಾಹೀರಾತು ಏನೇ ಹೇಳಲಿ, ಹಾಳಾದ ಭಾಗವನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸುವುದೇ ದಾರಿ.

ಬದಲಿಗೆ ‘ಕೆರಾಟಿನ್ ಟ್ರೀಟ್‌ಮೆಂಟ್’ ಮಾಡಿಸುವ ಯೋಚನೆಯಿದ್ದರೆ ಲೇಬಲ್ ಓದಿ. ಅವುಗಳಲ್ಲಿ ಕೆಲವು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ. ಲೇಬಲ್‌ನಲ್ಲಿ ಮಿಥಿಲೀನ್ ಗ್ಲೈಕಾಲ್ ಎಂದಿದ್ದರೂ ಅದೇ ಅಪಾಯ. ನೆತ್ತಿಯಲ್ಲಿ ಉರಿ, ಗುಳ್ಳೆ ಕಂಡರೆ ಚರ್ಮವೈದ್ಯರನ್ನು ಕಾಣಿರಿ.