ಅನ್ನದ ಬದಲು ಮುದ್ದೆ ಉಂಡರೆ ಪರಿಸರಕ್ಕೇನು ಲಾಭ?

ಪ್ರಶ್ನೆ: ನಮ್ಮ ಮನೇಲಿ ಮೂರು ಹೊತ್ತೂ ಅಕ್ಕಿಯದೇ ಅಡುಗೆ. ಕಾಲೇಜಿಗೆ ಹೋಗುವ ಮಗಳು ಈಗ, ‘ರಾತ್ರಿ ಮುದ್ದೆ ಮಾಡಮ್ಮ, ಪರಿಸರಕ್ಕೆ ಒಳ್ಳೇದು’ ಅಂತಾಳೆ. ಶುಗರ್ ಇರುವವರಿಗೆ ಒಳ್ಳೇದು ಅಂದರೆ ಒಪ್ಪಬಹುದು. ಪರಿಸರಕ್ಕೆ ಹೇಗೆ? ಎರಡೂ ಮಣ್ಣಲ್ಲೇ ಬೆಳೆಯೋದಲ್ವಾ?
– ಒಬ್ಬ ಓದುಗರು, ಮೈಸೂರು

ಉತ್ತರ: ನಿಮ್ಮ ಮಗಳು ಸರಿಯಾಗೇ ಹೇಳಿದ್ದಾಳಮ್ಮ. ಎರಡೂ ಮಣ್ಣಲ್ಲೇ ಬೆಳೆಯುತ್ತವೆ, ನಿಜ. ಆದರೆ ಭತ್ತದ ಗದ್ದೆಯಲ್ಲಿ ವಾರಗಟ್ಟಲೆ ನೀರು ನಿಂತಿರುತ್ತದೆ, ಅದರಡಿಯ ಕೆಸರಿಗೆ ಗಾಳಿಯೇ ಆಡುವುದಿಲ್ಲ, ಅಂಥ ಕಡೆ ಬೇರು, ಕೂಳೆ, ಗೊಬ್ಬರ ಎಲ್ಲ ಕೊಳೆಯುವಾಗ ಮೀಥೇನ್ ಅನ್ನುವ ಅನಿಲ ಹೊರಡುತ್ತದೆ. ಗೋಬರ್ ಗ್ಯಾಸ್ ಗುಂಡಿಯೊಳಗೆ ಆಗುವುದೂ ಇದೇ. 20 ವರ್ಷದ ಲೆಕ್ಕ ಹಿಡಿದರೆ ಈ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ನೀರಿನ ಖರ್ಚು ಬೇರೆ: ಒಂದು ಕೆಜಿ ಅಕ್ಕಿಗೆ ಸುಮಾರು 2,500 ಲೀಟರ್ ಅಂತ ಅಂದಾಜು.

ರಾಗಿಗೆ ಇದ್ಯಾವುದೂ ಬೇಡ. ತುಮಕೂರು, ರಾಮನಗರದ ಕಡೆ ಕೆಂಪು ಮಣ್ಣಿನ ಹೊಲಗಳಲ್ಲಿ ಹೆಚ್ಚಾಗಿ ಮಳೆ ನಂಬಿಕೊಂಡೇ ಬೆಳೆಯುತ್ತಾರೆ. ಹುಲ್ಲು ದನಕ್ಕಾಗುತ್ತದೆ. ಕಾಳು ವರ್ಷಗಟ್ಟಲೆ ಇಟ್ಟರೂ ಹುಳ ಹಿಡಿಯುವುದಿಲ್ಲ, ಅದಕ್ಕೇ ಹಿಂದಿನವರು ನೆಲದೊಳಗಿನ ಕಣಜಕ್ಕೆ, ಅಂದರೆ ಹಗೇವಿಗೆ ತುಂಬಿ ಬರಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ದೇಶದ ಅರ್ಧಕ್ಕಿಂತ ಜಾಸ್ತಿ ರಾಗಿ ನಮ್ಮ ರಾಜ್ಯದ್ದೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿದ್ದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿ ಜೊತೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಅವರನ್ನು ನೆನೆಯದೆ ರಾಗಿ ಮಾತು ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಹಾಗಂತ ಭತ್ತ ಬೆಳೆಯುವವರನ್ನು ದೂರಬೇಡಿ. ಗದ್ದೆಗೆ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುತ್ತಾ ಹೋದರೆ ಮೀಥೇನ್ ಅರ್ಧದಷ್ಟು ಇಳಿಯುತ್ತದೆ, ನೀರೂ ಉಳಿಯುತ್ತದೆ. ನಾಲೆಯಲ್ಲಿ ನೀರು ಹೇಳಿದ ಹೊತ್ತಿಗೆ ಬಂದರೆ ತಾನೇ ರೈತ ಧೈರ್ಯವಾಗಿ ಗದ್ದೆ ಆರಿಸುವುದು?

ನೀವು ಅನ್ನ ಪೂರ್ತಿ ಬಿಡಬೇಕಿಲ್ಲ, ರಾತ್ರಿ ಒಂದು ಹೊತ್ತು ಬದಲಾಯಿಸಿದರೂ ಸಾಕು. ಆದರೆ ಮಿಕ್ಕ ಅನ್ನವನ್ನು ಕಸಕ್ಕೆ ಹಾಕಬೇಡಿ. ಕಸದ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಅದೂ ಮೀಥೇನನ್ನೇ ಬಿಡುತ್ತದೆ. ಬೆಳಿಗ್ಗೆ ಆ ಅನ್ನ ಹಿಸುಕಿ ರಾಗಿ ಹಿಟ್ಟಿಗೆ ಕಲಸಿ, ಈರುಳ್ಳಿ, ನುಗ್ಗೆಸೊಪ್ಪು ಹಾಕಿ ರೊಟ್ಟಿ ತಟ್ಟಿ ನೋಡಿ, ಮೆತ್ತಗೆ ಬರುತ್ತದೆ.