ಹೊಟ್ಟೆಪಾಡಿಗೆ ಬಂದವರೆಲ್ಲ ಸುಳ್ಳು ಹೇಳುತ್ತಿಲ್ಲ, ಮಾಸ್ತರೇ

ವಿಜಯಪುರ ಜಿಲ್ಲೆಯ ಇಂಡಿಯಿಂದ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಕ್ರಮ ವಲಸಿಗರು ಅಂತ ಅಮೃತಸರಕ್ಕೆ ತಂದು ಇಳಿಸಿತಲ್ಲ, ಅವರ ಬಗ್ಗೆ ನಾವು ಮರುಗಿ ಬರೆದಿದ್ದು ಮಾಸ್ತರರಿಗೆ ಹಿಡಿಸಿಲ್ಲ. 'ನಮ್ಮ ತಾಲ್ಲೂಕಿನವರು ಗೋವಾಕ್ಕೆ ಗುಳೆ ಹೋಗುತ್ತಾರೆ, ಆಶ್ರಯ ಕೊಡಿ ಅಂತ ಕೇಳುತ್ತಾರಾ? ಜೀವ ಉಳಿಸಿಕೊಳ್ಳಲು ಓಡಿದವರು ಬೇರೆ, ಹೊಟ್ಟೆಪಾಡಿಗೆ ಹೋದವರು ಬೇರೆ' ಎನ್ನುತ್ತಾರೆ.

ಕಾನೂನು ನಿಮ್ಮ ಕಡೆಗಿದೆ, ಒಪ್ಪುತ್ತೇನೆ. 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದದಲ್ಲಿ ಹಿಂಸೆಗೆ ಹೆದರಿ ಓಡಿ ಬಂದವನಿಗೆ ರಕ್ಷಣೆ ಸಿಗಲು ಐದೇ ಕಾರಣ: ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಬಡತನ ಅದರಲ್ಲಿಲ್ಲ.

ಆದರೆ ಹಿಂಸೆ ಎಲ್ಲಿಂದ ಶುರುವಾಗುತ್ತೆ, ಸ್ವಲ್ಪ ಯೋಚಿಸಿ. ಜರ್ಮನಿಯಲ್ಲಿ ನಾಜಿಗಳು 1933ರ ಏಪ್ರಿಲ್ 1ರಂದು ಯಹೂದಿಗಳ ಅಂಗಡಿಗೆ ಯಾರೂ ಹೋಗಬಾರದು ಅಂತ ಕಾವಲು ನಿಲ್ಲಿಸಿದರು. ವಾರದೊಳಗೆ ಅವರನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ಬಂತು. ದೇಶದ ತುಂಬ ಅವರ ಪ್ರಾರ್ಥನಾ ಮಂದಿರಗಳು ಉರಿದದ್ದು 1938ರ ನವೆಂಬರ್‌ನಲ್ಲಿ. ನಡುವಿನ ಆ ಐದು ವರ್ಷ ದೇಶ ಬಿಟ್ಟವನನ್ನು ಯಾಕೆ ಬಂದೆ ಅಂತ ಕೇಳಿದ್ದರೆ 'ನೌಕರಿ ಹೋಯ್ತು' ಅಂತಲೇ ಹೇಳುತ್ತಿದ್ದ. ಅವನನ್ನು ಹೊಟ್ಟೆಪಾಡಿನವನು ಅಂತ ವಾಪಸ್ ಕಳಿಸೋಣವೇ? 1938ರ ಜುಲೈನಲ್ಲಿ ಇಂಥವರಿಗೆ ಜಾಗ ಕೊಡುವ ಬಗ್ಗೆ ಮಾತಾಡಲು ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿದ್ದವು. ಹೆಚ್ಚಿನವು ಮರುಕ ತೋರಿಸಿ ಬಾಗಿಲು ಮುಚ್ಚಿಕೊಂಡವು.

ದೂರದ ಮಾತು ಬಿಡಿ. ನಮ್ಮ ಕಡೆ ಒಂದು ದಲಿತ ಕೇರಿಗೆ ಬಹಿಷ್ಕಾರ ಹಾಕಿದರೆ ಏನಾಗುತ್ತೆ, ನಿಮಗೆ ಹೇಳಬೇಕಾಗಿಲ್ಲ. ಯಾರೂ ಮೈ ಮುಟ್ಟುವುದಿಲ್ಲ. ಗಿರಣಿಯವನು ಜೋಳ ಬೀಸಿಕೊಡುವುದಿಲ್ಲ, ಕಿರಾಣಿಯವನು ಚಹಾಪುಡಿ ಕೊಡುವುದಿಲ್ಲ, ಹೊಲಕ್ಕೆ ಯಾರೂ ಕೂಲಿಗೆ ಕರೆಯುವುದಿಲ್ಲ. ಅಂಥ ಮನೆಯವರೂ ಕೊನೆಗೆ ವಿಜಯಪುರ ಬಸ್‌ ಸ್ಟ್ಯಾಂಡಿಗೇ ಬರುತ್ತಾರೆ. ಹಿಟ್ಟಿನ ಚೀಲ, ಸಲಿಕೆ, ಬುಟ್ಟಿ, ಹಳೇ ಸೀರೆಯಲ್ಲಿ ಕಟ್ಟಿದ ಹಂಚು, ಅದರ ಪಕ್ಕ ನಿದ್ದೆಗಣ್ಣಿನ ಮಕ್ಕಳು. ಮಳೆ ಕೈಕೊಟ್ಟು ಹೊರಟವರೂ ಅದೇ ಗಂಟು ಇಟ್ಟುಕೊಂಡು ಅದೇ ಗೋವಾ ಬಸ್ಸಿಗೆ ಕಾಯುತ್ತಿರುತ್ತಾರೆ. ಯಾರನ್ನು ಬರ ಓಡಿಸಿತು, ಯಾರನ್ನು ಊರು ಓಡಿಸಿತು ಅಂತ ನೋಡಿ ಹೇಳೋಕಾಗಲ್ಲ. ಕೂತು ಮಾತಾಡಿಸಬೇಕು.

ಆಶ್ರಯದ ಅರ್ಜಿಗೂ ನಾನು ಕೇಳುವುದು ಇಷ್ಟೇ. 'ಕೆಲಸ ಸಿಗಲಿಲ್ಲ' ಅಂದ ಕೂಡಲೇ ಫೈಲು ಮುಚ್ಚಬಾರದು. ಯಾಕೆ ಸಿಗಲಿಲ್ಲ, ಯಾರು ತಪ್ಪಿಸಿದರು ಅಂತ ಕೇಳಬೇಕು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1979ರ ತನ್ನ ಕೈಪಿಡಿಯಲ್ಲೇ ಇದನ್ನು ಹೇಳಿದೆ: ಜೀವನೋಪಾಯಕ್ಕೆ ಕಲ್ಲು ಹಾಕುವ ಕ್ರಮಗಳ ಹಿಂದೆ ಜನಾಂಗ, ಧರ್ಮ, ರಾಜಕೀಯದ ಉದ್ದೇಶ ಇರಬಹುದು. ಮ್ಯಾನ್ಮಾರ್ 1982ರ ಕಾನೂನಿನಿಂದ ರೋಹಿಂಗ್ಯಾ ಮುಸ್ಲಿಮರ ಪೌರತ್ವ ಕಸಿಯಿತು. ಪಕ್ಕದ ಊರಿಗೆ ಹೋಗಲೂ ಪರವಾನಗಿ ಬೇಕಾದವನು ಎಲ್ಲಿ ದುಡಿಯಬೇಕು?

ನಮ್ಮ ದೇಶವಂತೂ 1951ರ ಒಪ್ಪಂದಕ್ಕೆ ಇಂದಿಗೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. ಮುಂಡಗೋಡದಲ್ಲಿ ಟಿಬೆಟಿಯನ್ನರಿಗೆ ಜಮೀನು ಕೊಟ್ಟೆವು, ಅದು ದೊಡ್ಡ ಮಾತು. ಆದರೆ ಅದು ಸರ್ಕಾರ ಮನಸ್ಸು ಮಾಡಿದ್ದರಿಂದ ಆಯಿತು, ಬಂದವರಿಗೆ ಹಕ್ಕು ಇತ್ತು ಅಂತಲ್ಲ. ಇನ್ನು ಗೋವಾದ ಬೈನಾದಲ್ಲಿ ನಮ್ಮ ಕನ್ನಡಿಗರ ಮನೆ ಕೆಡವಿದಾಗ ಎಷ್ಟು ನೋವಾಯ್ತು, ಅಲ್ವಾ? ಅವರೂ ಹೊಟ್ಟೆಪಾಡಿಗೇ ಹೋದವರು. ಆ ನೋವು ಬೇರೆ ದೇಶದವರ ಮಟ್ಟಿಗೆ ಯಾಕೆ ಬತ್ತಿಹೋಗುತ್ತೆ?

ನೀವು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಗುಳೆ ಹೋದ ಮನೆಯ ಮಕ್ಕಳು ನಿಮ್ಮ ಹಾಜರಿ ಪುಸ್ತಕದಲ್ಲೂ ಇದ್ದೇ ಇರುತ್ತಾರೆ. ಅವರ ತಂದೆತಾಯಿ ಯಾಕೆ ಹೊರಟರು ಅಂತ ವಿಚಾರಿಸಿ ಬರೆಯಿರಿ. ಒಂದಕ್ಷರವೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

— ಸಂಪಾದಕ