ಅಪ್ಪನ ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ, ನೋವಿಲ್ಲ. ಬಯಾಪ್ಸಿ ಬೇಕೇ ಬೇಕಾ?

ಅಪ್ಪ ವರ್ಷಗಳಿಂದ ಎಲೆಅಡಿಕೆ, ಕಡ್ಡಿಪುಡಿ ಹಾಕುತ್ತಾರೆ, ನೋವಿಲ್ಲ ಅಂತ ಬಯಾಪ್ಸಿಗೆ (ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದಕ್ಕೆ) ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ನಾನು ದಂತವೈದ್ಯೆ. ನೋವಿಲ್ಲ ಅನ್ನೋದೇ ಇಲ್ಲಿ ಮೋಸ. ಕ್ಯಾನ್ಸರ್‌ಗೆ ಮುಂಚಿನ ಮಚ್ಚೆ ಸಾಮಾನ್ಯವಾಗಿ ನೋಯುವುದಿಲ್ಲ.

ನಾವು ಮೊದಲು ಗಾಜ್ ಬಟ್ಟೆಯಲ್ಲಿ ಒರೆಸಿ ನೋಡುತ್ತೇವೆ. ಒಡೆದ ಹಾಲಿನ ಹಾಗೆ ಕಿತ್ತು ಬಂದರೆ ಹೆಚ್ಚಾಗಿ ಅದು ಫಂಗಸ್, ಔಷಧಿಗೆ ಹೋಗುತ್ತದೆ. ಒರೆಸಿದರೂ ಹೋಗದೆ, ಬೇರೆ ಕಾರಣವೂ ಕಾಣದಿದ್ದರೆ ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ. ಪುಡಿ ಒತ್ತಿಟ್ಟುಕೊಳ್ಳುವ ಸಂದಿಯಲ್ಲೇ ಇದು ಜಾಸ್ತಿ. ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ ನಿಜ, ಆದರೆ ಯಾವುದು ಆಗುತ್ತದೆ ಅಂತ ಕಣ್ಣಲ್ಲೇ ನೋಡಿ ಹೇಳಲಾಗದು. ಬಿಳಿಯ ನಡುವೆ ಕೆಂಪು ಕಂಡರೆ, ತರಿತರಿಯಾಗಿದ್ದರೆ, ನಾಲಿಗೆಯ ಅಂಚಿನಲ್ಲೋ ಅಡಿಯಲ್ಲೋ ಇದ್ದರೆ ಭಯ ಹೆಚ್ಚು. ಬರೀ ಕೆಂಪು ಮಚ್ಚೆಯಂತೂ ಬಿಳಿಗಿಂತ ಅಪಾಯ.

ಇನ್ನೊಂದು ನೋಡಿ. ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಮುಂದಿನ ಹಲ್ಲುಗಳ ನಡುವೆ ಹೋಗುತ್ತವಾ? ಹೋಗದಿದ್ದರೆ, ಸಾರಿನ ಖಾರಕ್ಕೂ ಬಾಯಿ ಉರಿಯುತ್ತಿದ್ದರೆ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು, ಅಂದರೆ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯಲಾಗದ ಕಾಯಿಲೆ. ಇದು ಅಡಿಕೆಯದ್ದೇ ಕೆಲಸ. ಹೊಗೆಸೊಪ್ಪು ಮುಟ್ಟದವರಿಗೂ ಬರುತ್ತದೆ. (ಅಡಿಕೆ ತೋಟದ ಮನೆಯವಳಾಗಿ ಹೇಳೋದು ಕಷ್ಟ, ಆದರೂ ಹೇಳಲೇಬೇಕು.) ಬಿಗಿದ ಕೆನ್ನೆ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಅಡಿಕೆ ಬಿಟ್ಟು, ಬಾಯಿ ತೆರೆಯುವ ವ್ಯಾಯಾಮ ಮಾಡಿ, ಸ್ಟೆರಾಯ್ಡ್ ಇಂಜೆಕ್ಷನ್ ತಗೊಂಡರೆ ಸ್ವಲ್ಪ ಸಡಿಲವಾಗುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಪುಡಿ, ಅಡಿಕೆ ಎರಡನ್ನೂ ಬಿಡಿಸಿ. ಕೆನ್ನೆಗೆ ತಾಗುವ ಚೂಪು ಹಲ್ಲಿದ್ದರೆ ಉಜ್ಜಿಸಿ. ಕೆಂಪು ಇಲ್ಲದಿದ್ದರೆ ಎರಡು ವಾರ ನೋಡಬಹುದು, ಕರಗದಿದ್ದರೆ ಬಯಾಪ್ಸಿ. ಕೆಂಪು, ಹುಣ್ಣು, ಗಟ್ಟಿ ಇದ್ದರೆ ಆ ಎರಡು ವಾರವೂ ಬೇಡ. ಬಯಾಪ್ಸಿ ಅಂದರೆ ಮರಗಟ್ಟಲು ಇಂಜೆಕ್ಷನ್, ನಾಲ್ಕೈದು ಮಿಲಿಮೀಟರ್ ತುಣುಕು, ಒಂದೆರಡು ಹೊಲಿಗೆ, ಅವತ್ತೇ ಮನೆಗೆ. 'ಕತ್ತರಿ ತಾಗಿದರೆ ಹರಡುತ್ತೆ' ಅಂತ ಯಾರೋ ಹೆದರಿಸಿರುತ್ತಾರೆ. ಸುಮ್ನೆ ಮಾತು ಅದು.

ರಿಪೋರ್ಟಿನಲ್ಲಿ ಡಿಸ್‌ಪ್ಲೇಸಿಯಾ, ಅಂದರೆ ಜೀವಕೋಶಗಳು ಕ್ಯಾನ್ಸರ್ ಕಡೆಗೆ ಬದಲಾಗಿರುವುದು, ಎಷ್ಟಿದೆ ಅನ್ನೋದು ಮುಖ್ಯ. ಕಡಿಮೆ ಇದ್ದರೆ ಕೆಲವೊಮ್ಮೆ ಗಮನವಿಟ್ಟರೆ ಸಾಕು. ಜಾಸ್ತಿ ಇದ್ದರೆ ಕತ್ತರಿಸಿಯೋ ಲೇಸರ್‌ನಿಂದಲೋ ತೆಗೆಯುತ್ತಾರೆ. ತೆಗೆದರೂ ಮತ್ತೆ ಬರಬಹುದು, ಹಾಗಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು.

ಬಿಡಿಸೋದು ಬಯಾಪ್ಸಿಗಿಂತ ಕಷ್ಟ, ಗೊತ್ತು. ತಂಬಾಕು ಬಿಡಲು 1800-11-2356 ಉಚಿತ ಸಹಾಯವಾಣಿ ಇದೆ. ಫೋನ್ ನೀವು ಹಚ್ಚಿಕೊಟ್ಟರೂ ಮಾತು ಅಪ್ಪನೇ ಆಡಲಿ.